ಸೋಂಕು ಮತ್ತು ಚರ್ಮದ ರಕ್ತನಾಳಗಳ ಉರಿಯೂತ: ನಿಮಿತ್ತದ ವಿವೇಚನೆ

ಕನ್ನಡದ ವೈದ್ಯಕೀಯ ಬರಹಗಳಲ್ಲಿ ಸೋಂಕು, ಉರಿಯೂತ ಎಂಬ ಪದಗಳು ಮತ್ತೆ ಮತ್ತೆ ಬಳಕೆಯಾಗುತ್ತವೆ. ‘ಸೋಂಕು’ ಎಂಬುದರ ಮೂಲಾರ್ಥ ತಾಗುವಿಕೆ, ಸ್ಪರ್ಶ. ‘ಉರಿಯೂತ’ವು ಉರಿ ಮತ್ತು ಊತಗಳ ಸಮಾಸ. ಮೊದಲನೆಯದು ಹೊರಗಿನಿಂದ ಬಂದು ತಾಗುವುದನ್ನು ಸೂಚಿಸಿದರೆ, ಎರಡನೆಯದು ದೇಹವೇ ತೋರುವ ಪ್ರತಿಕ್ರಿಯೆಯನ್ನು ಸೂಚಿಸುತ್ತದೆ. ಇವೆರಡರ ನಡುವಣ ಅಂತರ ಸ್ಪಷ್ಟವಾಗಿ ಗೋಚರಿಸುವುದು ಚರ್ಮದ ಸಣ್ಣ ರಕ್ತನಾಳಗಳ ಉರಿಯೂತದಲ್ಲಿ. ಈ ವ್ಯಾಧಿಯ ಸ್ವರೂಪವನ್ನೂ ಅದನ್ನು ಕನ್ನಡದಲ್ಲಿ ನಿರೂಪಿಸುವವರ ಹೊಣೆಯನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವ್ಯಾಧಿಯಲ್ಲಿ ಸಾಮಾನ್ಯವಾಗಿ ಮೊಣಕಾಲಿನ ಕೆಳಗೆ ಕೆಂಪು ಅಥವಾ ನೇರಳೆ ಬಣ್ಣದ, ಮುಟ್ಟಿದರೆ ತುಸು ಉಬ್ಬಿದಂತಿರುವ ಕಲೆಗಳು ಏಳುತ್ತವೆ. ಗಾಜಿನಿಂದ ಒತ್ತಿದರೂ ಅವು ಮಾಸುವುದಿಲ್ಲ. ಏಕೆಂದರೆ ರಕ್ತವು ನಾಳದಿಂದ ಹೊರಗೆ ಸೋರಿರುತ್ತದೆ. ನಿಂತಾಗ ಕಾಲಿನ ನಾಳಗಳಲ್ಲಿ ಒತ್ತಡ ಹೆಚ್ಚುವುದರಿಂದ ಕಲೆಗಳು ಅಲ್ಲಿಯೇ ಅಧಿಕ.

ಆ ಕಲೆಗಳಲ್ಲಿ ಬಹುಮಟ್ಟಿಗೆ ರೋಗಾಣುಗಳು ಇರುವುದಿಲ್ಲವೆಂಬುದು ಗಮನಾರ್ಹ. ಗಂಟಲಿನಲ್ಲೋ ಶ್ವಾಸಮಾರ್ಗದಲ್ಲೋ ಸೋಂಕು ತಗುಲಿದಾಗ ದೇಹವು ಪ್ರತಿಕಾಯಗಳನ್ನು ಸೃಷ್ಟಿಸುತ್ತದೆ. ರೋಗಾಣುವಿನ ಅಂಶಗಳೂ ಪ್ರತಿಕಾಯಗಳೂ ಕೂಡಿ ಉಂಟಾದ ಸಂಕೀರ್ಣಗಳು ರಕ್ತದಲ್ಲಿ ಸಂಚರಿಸಿ ಸಣ್ಣ ನಾಳಗಳ ಭಿತ್ತಿಯಲ್ಲಿ ತಂಗುತ್ತವೆ. ಅವುಗಳನ್ನು ನಿವಾರಿಸಲು ಧಾವಿಸುವ ಬಿಳಿ ರಕ್ತಕಣಗಳು ಸ್ರವಿಸುವ ಕಿಣ್ವಗಳಿಂದ ನಾಳದ ಭಿತ್ತಿಗೇ ಹಾನಿಯಾಗುತ್ತದೆ. ಆದುದರಿಂದಲೇ ಸೋಂಕಿಗೂ ಕಲೆಗಳಿಗೂ ನಡುವೆ ಹಲವು ದಿನಗಳ ಅಂತರವಿರುವುದುಂಟು.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಪ್ರಭೇದವೊಂದು ಇದಕ್ಕೆ ಉತ್ತಮ ನಿದರ್ಶನ. 1837ರಲ್ಲಿ ಜರ್ಮನಿಯ ಷೋನ್‌ಲೈನ್ ಇಂತಹ ಕಲೆಗಳಿಗೂ ಕೀಲುನೋವಿಗೂ ಇರುವ ಸಂಬಂಧವನ್ನು ಗುರುತಿಸಿದನು. ಅವನ ಶಿಷ್ಯ ಹೆನಾಕ್ ಹೊಟ್ಟೆನೋವು ಹಾಗೂ ಮೂತ್ರಪಿಂಡದ ತೊಂದರೆಗಳನ್ನು ಅದರೊಡನೆ ಸೇರಿಸಿದನು. ಬಹುಕಾಲ ಇವರಿಬ್ಬರ ಹೆಸರಿನಿಂದಲೇ ಪ್ರಸಿದ್ಧವಾಗಿದ್ದ ವ್ಯಾಧಿಗೆ 2012ರ ಚಾಪೆಲ್ ಹಿಲ್ ಸಮ್ಮೇಳನದ ನಾಮಕರಣದಂತೆ ಐಜಿಎ ರಕ್ತನಾಳದ ಉರಿಯೂತವೆಂಬ ಹೆಸರು ಬಂದಿತು. ವ್ಯಕ್ತಿನಾಮ ಹೋಗಿ, ನಾಳಗಳಲ್ಲಿ ಸಂಗ್ರಹವಾಗುವ ಪ್ರತಿಕಾಯದ ಹೆಸರು ನೆಲೆಗೊಂಡಿತು. ಕಲೆಗಳು ಮಾಸಿದ ಮೇಲೂ ಕೆಲವು ತಿಂಗಳು ಮೂತ್ರಪರೀಕ್ಷೆ ಅಗತ್ಯ. ಮೂತ್ರಪಿಂಡದ ಹಾನಿ ಕಣ್ಣಿಗೆ ಕಾಣುವಂಥದಲ್ಲ.

ದೀರ್ಘಕಾಲಿಕ ಸೋಂಕುಗಳಲ್ಲಿ ಈ ಸಂಬಂಧ ಇನ್ನಷ್ಟು ದೃಢವಾಗಿದೆ. 1989ರಲ್ಲಿ ಹೆಪಟೈಟಿಸ್ ಸಿ ವೈರಸ್ ಪತ್ತೆಯಾದ ಮೇಲೆ, ತಂಪಿನಲ್ಲಿ ಹೆಪ್ಪುಗಟ್ಟುವ ಪ್ರೋಟೀನುಗಳಿಂದಾಗುವ ರಕ್ತನಾಳದ ಉರಿಯೂತಕ್ಕೆ ಬಹುತೇಕ ಅದೇ ನಿಮಿತ್ತವೆಂದು ತಿಳಿಯಿತು. ವೈರಸ್ಸನ್ನು ಔಷಧದಿಂದ ನಿರ್ಮೂಲಗೊಳಿಸಿದರೆ ಅನೇಕರಲ್ಲಿ ಕಲೆಗಳೂ ಶಮನಗೊಳ್ಳುತ್ತವೆ. ಕುಷ್ಠರೋಗದ ಚಿಕಿತ್ಸೆ ನಡೆಯುತ್ತಿರುವಾಗಲೇ ಕೆಲವರಲ್ಲಿ ನೋವಿನ ಕೆಂಪು ಗಂಟುಗಳು ಏಳುವುದುಂಟು. ಇದೂ ದೇಹದ ಪ್ರತಿಕ್ರಿಯೆಯೇ ಹೊರತು ಔಷಧ ವಿಫಲವಾದುದರ ಸೂಚನೆಯಲ್ಲ. ಇದನ್ನರಿಯದೆ ಔಷಧ ನಿಲ್ಲಿಸಿದರೆ ಮೂಲವ್ಯಾಧಿಯು ಉಳಿದುಬಿಡುತ್ತದೆ.

ಭಾರತೀಯ ತರ್ಕಪರಂಪರೆಯು ಮಡಕೆಗೆ ಮಣ್ಣು ಉಪಾದಾನ, ಕುಂಬಾರ ನಿಮಿತ್ತ ಎಂದು ಕಾರಣಗಳನ್ನು ಬೇರ್ಪಡಿಸುತ್ತದೆ. ಈ ವ್ಯಾಧಿಯಲ್ಲಿ ಸೋಂಕನ್ನು ನಿಮಿತ್ತವೆನ್ನುವುದು ಯುಕ್ತ. ಔಷಧಗಳೂ ಇತರ ವ್ಯಾಧಿಗಳೂ ನಿಮಿತ್ತವಾಗಬಹುದು. ಅನೇಕರಲ್ಲಿ ಯಾವ ನಿಮಿತ್ತವೂ ದೊರೆಯುವುದಿಲ್ಲ. ಇದಕ್ಕೆ ಅಪವಾದವೂ ಉಂಟು: ಮೆನಿಂಗೊಕಾಕಸ್ ರೋಗಾಣು ರಕ್ತಕ್ಕೆ ಸೇರಿದಾಗ ನಾಳಗಳಿಗೆ ತಾನೇ ಘಾಸಿ ಮಾಡಬಲ್ಲದು. ಆದ್ದರಿಂದ ತೀವ್ರ ಜ್ವರದೊಡನೆ ಒತ್ತಿದರೂ ಮಾಸದ ಕಲೆಗಳು ಕಂಡರೆ ತುರ್ತು ಚಿಕಿತ್ಸೆ ಬೇಕು.

ಇದನ್ನು ‘ಸೋಂಕಿನ ಚರ್ಮರೋಗ’ವೆಂದು ಬರೆದರೆ ಓದುಗನು ಮುಟ್ಟಿದರೆ ಅಂಟುವ ರೋಗವೆಂದೇ ತಿಳಿದಾನು; ಪದದ ಮೂಲಾರ್ಥವೂ ಆ ಭ್ರಮೆಗೆ ಇಂಬುಗೊಡುತ್ತದೆ. ಈ ಉರಿಯೂತದ ಕಲೆಗಳು ಸ್ಪರ್ಶದಿಂದ ಹರಡುವುದಿಲ್ಲ. ‘ಸೋಂಕು ನಿಮಿತ್ತವಾದ ರಕ್ತನಾಳದ ಉರಿಯೂತ’ ಎಂಬ ಪ್ರಯೋಗ ತುಸು ದೀರ್ಘವಾದರೂ, ರೋಗಿಯನ್ನು ದೂರವಿಡಲು ಅದು ಆಸ್ಪದ ಕೊಡುವುದಿಲ್ಲ. ಪರಿಭಾಷೆಯ ನಿಖರತೆಯು ಇಲ್ಲಿ ಮಾನವೀಯ ಅಗತ್ಯವೂ ಹೌದು.