ಹದಿನಾರು ಎಂಬಿಯೊಳಗೊಂದು ಲಿನಕ್ಸ್

2002ರ ಕೊನೆಯಲ್ಲಿ ಅಮೆರಿಕದ ಲಿಂಕ್‌ಸಿಸ್ ಕಂಪನಿ ಬೆನ್ನಿಗೆ ಎರಡು ಆಂಟೆನಾ ಹೊತ್ತ ನೀಲಿ-ಕಪ್ಪು ರೂಟರೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರು ಡಬ್ಲ್ಯುಆರ್‌ಟಿ54ಜಿ. ಮರುವರ್ಷ ಕುತೂಹಲಿಗಳು ಅದರ ಫರ್ಮ್‌ವೇರನ್ನು, ಅಂದರೆ ಯಂತ್ರವನ್ನು ಒಳಗಿಂದ ನಡೆಸುವ ತಂತ್ರಾಂಶವನ್ನು, ಬಿಚ್ಚಿ ನೋಡಿದರೆ ಒಳಗಿದ್ದದ್ದು ಲಿನಕ್ಸ್! ಲಿನಕ್ಸ್ ಪುಕ್ಕಟೆ ಸಿಗುತ್ತದೆ, ಷರತ್ತಿಲ್ಲದೆ ಅಲ್ಲ. ಅದನ್ನು ಯಂತ್ರದೊಳಗೆ ತುಂಬಿ ಮಾರುವವರು ಅದರ ಸೋರ್ಸ್ ಕೋಡನ್ನೂ ಒದಗಿಸಬೇಕೆಂದು ಜಿಪಿಎಲ್ ಪರವಾನಗಿ ಹೇಳುತ್ತದೆ. ಅಷ್ಟರಲ್ಲಿ ಲಿಂಕ್‌ಸಿಸ್ ಸಿಸ್ಕೊ ಪಾಲಾಗಿತ್ತು. ಕೇಳುವವರ ಒತ್ತಾಯ ಜೋರಾಗಿ 2003ರಲ್ಲೇ ಕೋಡ್ ಹೊರಬಿತ್ತು. ಅದನ್ನು ಬುನಾದಿ ಮಾಡಿಕೊಂಡು 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಶುರುವಾಯಿತು. ಇಂದು ನೂರಾರು ಮಾದರಿಯ ರೂಟರ್‌ಗಳಲ್ಲಿ ಓಡುವ ಈ ತಂತ್ರಾಂಶದ ಹೆಸರಿನ ಬಾಲ ಆ ನೀಲಿ ಡಬ್ಬಿಯದೇ.

ಗೋಡೆಗೆ ನೇತುಹಾಕಿ ಮರೆತುಬಿಡುವ ರೂಟರ್ ನಿಜಕ್ಕೂ ಒಂದು ಪೂರ್ಣ ಪ್ರಮಾಣದ ಕಂಪ್ಯೂಟರ್. ಪ್ರೊಸೆಸರ್, ರ‍್ಯಾಮ್, ಶಾಶ್ವತ ನೆನಪಿಗೊಂದು ಫ್ಲ್ಯಾಶ್ ಚಿಪ್ ಎಲ್ಲವೂ ಅದಕ್ಕಿವೆ. ಇಲ್ಲದ್ದು ಜಾಗ ಮಾತ್ರ. ಟಿಪಿ-ಲಿಂಕ್ ಆರ್ಚರ್ ಸಿ7 ರೂಟರಿನ ಎರಡನೇ ಆವೃತ್ತಿಯನ್ನೇ ನೋಡಿ: ಫ್ಲ್ಯಾಶ್ 16 ಎಂಬಿ, ರ‍್ಯಾಮ್ 128 ಎಂಬಿ. ಮೊಬೈಲಿನಲ್ಲಿ ತೆಗೆದ ನಾಲ್ಕೈದು ಫೋಟೊ ಹಾಕಿದರೆ ಆ ಫ್ಲ್ಯಾಶ್ ತುಂಬಿಹೋಗುತ್ತದೆ. ಅಷ್ಟರಲ್ಲೇ ಒಂದು ಆಪರೇಟಿಂಗ್ ಸಿಸ್ಟಂ, ಫೈರ್‌ವಾಲ್, ವೈಫೈ ನಿರ್ವಹಣೆ, ಬ್ರೌಸರಿನಲ್ಲಿ ತೆರೆದುಕೊಳ್ಳುವ ಸೆಟ್ಟಿಂಗ್ ಪುಟಗಳು ಎಲ್ಲ ಸಂಸಾರ ಹೂಡಬೇಕು.

ಆ ಚಿಪ್ಪಿನ ಒಳವಿಂಗಡಣೆ ನನಗೆ ಫರ್ಮ್‌ವೇರಿನ ಅತಿ ಸುಂದರ ಭಾಗ ಅನ್ನಿಸುತ್ತದೆ. ಮೊದಲಿಗೆ ಬೂಟ್‌ಲೋಡರ್: ಕರೆಂಟು ಬಂದೊಡನೆ ಎದ್ದು ಉಳಿದವರನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ. ಆಮೇಲೆ ಲಿನಕ್ಸಿನ ತಿರುಳಾದ ಕರ್ನೆಲ್. ಅದರ ಬೆನ್ನಿಗೆ ಸ್ಕ್ವಾಶ್‌ಎಫ್‌ಎಸ್ ಎಂಬ ಗಟ್ಟಿಯಾಗಿ ಒತ್ತಿ ತುಂಬಿದ ಕಡತ ವ್ಯವಸ್ಥೆ. ಇದನ್ನು ಓದಬಹುದು, ತಿದ್ದಲಾಗದು. ಹಾಗಾದರೆ ನೀವು ಬದಲಿಸಿದ ವೈಫೈ ಪಾಸ್‌ವರ್ಡ್ ಎಲ್ಲಿ ಹೋಯಿತು? ಮಿಕ್ಕ ಜಾಗದಲ್ಲಿ ಓವರ್‌ಲೇ ಎಂಬ ತಿದ್ದಬಲ್ಲ ಪದರವೊಂದಿದೆ. ಕಲ್ಲಿನ ಶಾಸನದ ಮೇಲೆ ಪಾರದರ್ಶಕ ಹಾಳೆ ಹೊದಿಸಿ, ತಿದ್ದುಪಡಿಯನ್ನೆಲ್ಲ ಹಾಳೆಯ ಮೇಲೆ ಬರೆದ ಹಾಗೆ. ಓದುವವರಿಗೆ ಎರಡೂ ಸೇರಿ ಒಂದೇ ಬರಹವಾಗಿ ಕಾಣುತ್ತದೆ. ರೀಸೆಟ್ ಮಾಡಿದಾಗ ಅಳಿಯುವುದು ಈ ಪದರ ಮಾತ್ರ, ಕೆಳಗಿನದಕ್ಕೆ ಏನೂ ಆಗುವುದಿಲ್ಲ. ಏನೋ ಮಾಡಲು ಹೋಗಿ ರೂಟರಿನೊಳಗೆ ಹೋಗುವ ದಾರಿಯೇ ಮುಚ್ಚಿತು ಅಂದುಕೊಳ್ಳಿ. ಸ್ವಿಚ್ ಹಾಕಿ, ದೀಪ ಮಿನುಗುತ್ತಿರುವಾಗ ಗುಂಡಿ ಒತ್ತಿದರೆ ಹಾಳೆಯನ್ನು ಬದಿಗಿಟ್ಟು ಶಾಸನದಿಂದಷ್ಟೇ ಏಳುವ ಫೇಲ್‌ಸೇಫ್ ಸ್ಥಿತಿಗೆ ಬರುತ್ತದೆ.

ಇನ್ನೊಂದು ಮೂಲೆಯಲ್ಲಿ ಆ ರೂಟರಿನ ರೇಡಿಯೊಗೆ ಕಾರ್ಖಾನೆಯಲ್ಲಿ ಅಳೆದು ಬರೆದ ಹೊಂದಾಣಿಕೆಯ ಅಂಕಿಗಳಿರುತ್ತವೆ. ಅದೇ ಮಾದರಿಯ ಪಕ್ಕದ ಡಬ್ಬಿಯ ಅಂಕಿಗಳು ನಿಮ್ಮದಕ್ಕೆ ಸರಿಹೊಂದುವುದಿಲ್ಲ. ಅವು ಅಳಿದರೆ ವೈಫೈ ಕೆಟ್ಟಿತೆಂದೇ ಲೆಕ್ಕ. ಬೇರೇನನ್ನೂ ಬ್ಯಾಕಪ್ ಮಾಡದಿದ್ದರೂ ಈ ಭಾಗದ ಒಂದು ಪ್ರತಿಯನ್ನು ಮೊದಲು ತೆಗೆದಿಟ್ಟುಕೊಳ್ಳಿ.

ಸ್ವಂತ ಫರ್ಮ್‌ವೇರ್ ಕಟ್ಟಲು ದಾರಿ ಎರಡು. ಒಂದು, ಎಲ್ಲವನ್ನೂ ಸೋರ್ಸ್ ಕೋಡಿನಿಂದಲೇ ಕಂಪೈಲ್ ಮಾಡುವುದು. ನಿಮ್ಮ ಲ್ಯಾಪ್‌ಟಾಪಿನ ಪ್ರೊಸೆಸರ್ ಒಂದು ಜಾತಿ, ರೂಟರಿನದು ಮಿಪ್ಸ್ ಅಥವಾ ಆರ್ಮ್ ಎಂಬ ಬೇರೆಯೇ ಜಾತಿ. ಹೀಗಾಗಿ ಆ ಜಾತಿಗೆ ಕೋಡ್ ತಯಾರಿಸುವ ಕಂಪೈಲರನ್ನೇ ಮೊದಲು ಕಟ್ಟಿಕೊಳ್ಳಬೇಕು. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಮೊದಲ ಸಲ ಇದಕ್ಕೆ ಗಂಟೆಗಳೇ ಹಿಡಿದಾವು. ಎರಡನೆಯದು ಇಮೇಜ್ ಬಿಲ್ಡರ್. ಆಗಲೇ ಕಂಪೈಲ್ ಆದ ಪ್ಯಾಕೇಜ್‌ಗಳನ್ನು ಆರಿಸಿ ಜೋಡಿಸಿದರೆ ಕೆಲವೇ ನಿಮಿಷಗಳಲ್ಲಿ ಇಮೇಜ್, ಅಂದರೆ ರೂಟರಿಗೆ ಹಾಕುವ ಫರ್ಮ್‌ವೇರ್ ಫೈಲು, ತಯಾರು. ಕರ್ನೆಲ್ಲಿಗೇ ಕೈಹಾಕುವ ಹಠವಿಲ್ಲದವರಿಗೆ ಇದೇ ಸಾಕು.

ಎರಡರಲ್ಲೂ ಏನನ್ನು ಸೇರಿಸುವುದು ಎನ್ನುವುದಕ್ಕಿಂತ ಏನನ್ನು ಬಿಡುವುದು ಎಂಬ ತಲೆನೋವೇ ಹೆಚ್ಚು. ನಿಮ್ಮ ಇಂಟರ್‌ನೆಟ್ ಯೂಸರ್‌ನೇಮ್-ಪಾಸ್‌ವರ್ಡ್ ಕೇಳುವ ಪಿಪಿಪಿಒಇ ಮೂಲಕ ಬರುತ್ತಿಲ್ಲವಾದರೆ ಆ ಪ್ಯಾಕೇಜನ್ನು ಕೈಬಿಡಬಹುದು. ಯುಎಸ್‌ಬಿ ಕಿಂಡಿಯೇ ಇಲ್ಲದ ಡಬ್ಬಿಗೆ ಯುಎಸ್‌ಬಿ ಡ್ರೈವರ್ ಯಾಕೆ? ಲಿನಕ್ಸಿನ ನೂರಾರು ಆದೇಶಗಳನ್ನು ಒಂದೇ ಪ್ರೋಗ್ರಾಮಿನೊಳಗೆ ಅಡಗಿಸಿದ ಬಿಸಿಬಾಕ್ಸ್ ಇಲ್ಲಿ ಬಳಕೆಯಾಗುವುದೂ ಜಾಗದ ಜಿಪುಣತನದಿಂದಲೇ. ಹಾಗಿದ್ದೂ ಕರ್ನೆಲ್ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದೆ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರುವ ಹಳೆಯ ರೂಟರ್‌ಗಳಿಗೆ ಓಪನ್‌ಡಬ್ಲ್ಯುಆರ್‌ಟಿಯ 19.07 ಆವೃತ್ತಿಯೇ ಕೊನೆಯಾಯಿತು.

ಇಷ್ಟೆಲ್ಲ ಪಾಡು ಯಾಕೆ ಎಂದರೆ, ಮೊದಲ ಕಾರಣ ಭದ್ರತೆ. ಕಂಪನಿಗಳು ಕೆಲವೇ ವರ್ಷಗಳಲ್ಲಿ ಹಳೆಯ ಮಾದರಿಯ ಅಪ್‌ಡೇಟ್ ನಿಲ್ಲಿಸುತ್ತವೆ. ಡಬ್ಬಿ ಗಟ್ಟಿಮುಟ್ಟಾಗಿಯೇ ಇರುತ್ತದೆ, ಒಳಗಿನ ತೂತುಗಳು ಮಾತ್ರ ಹಾಗೇ ಉಳಿಯುತ್ತವೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡು ಇಂಟರ್‌ನೆಟ್ಟಿನ ಮೇಲೆಯೇ ದಾಳಿಗೆ ಬಿಟ್ಟಿತ್ತು. ಎರಡನೆಯದು ಬಫರ್‌ಬ್ಲೋಟ್. ಮನೆಯಲ್ಲಿ ಒಬ್ಬರು ದೊಡ್ಡ ವಿಡಿಯೊ ಅಪ್‌ಲೋಡ್ ಮಾಡತೊಡಗಿದರೆ ಇನ್ನೊಬ್ಬರ ವಿಡಿಯೊ ಕಾಲ್ ತಡವರಿಸುತ್ತದೆ. ಸ್ಪೀಡ್ ಸಾಲದು ಎಂದು ದುಬಾರಿ ಪ್ಲಾನ್ ಹಾಕಿಸಿಕೊಳ್ಳುವವರುಂಟು. ಕಾರಣ ಎಷ್ಟೋ ಸಲ ಪ್ಯಾಕೆಟ್‌ಗಳು, ಅಂದರೆ ಮಾಹಿತಿಯ ತುಣುಕುಗಳು, ಉದ್ದನೆಯ ಸರದಿಯಲ್ಲಿ ಕೊಳೆಯುವುದು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಇದಕ್ಕೆ ಕೋಡೆಲ್ ಎಂಬ ಮದ್ದು ಕೊಟ್ಟರು. ಸರದಿ ಎಷ್ಟು ಉದ್ದವಿದೆ ಎಂದಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಎಂದು ಅದು ನೋಡುತ್ತದೆ. ಕಾಯುವಿಕೆ ಮಿತಿಮೀರಿದರೆ ಬೇಕೆಂದೇ ಒಂದು ಪ್ಯಾಕೆಟ್ ಬಿಸಾಡಿ, ಕಳಿಸುವವರಿಗೆ ನಿಧಾನಿಸಿ ಎನ್ನುತ್ತದೆ. ಇದರ ಸಂತತಿಯಾದ ಕೇಕ್ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಎಸ್‌ಕ್ಯುಎಂ ಪ್ಯಾಕೇಜಿನ ಮೂಲಕ ಸಿಗುತ್ತದೆ. ನನ್ನನ್ನು ಕೇಳಿದರೆ, ಫರ್ಮ್‌ವೇರ್ ಬದಲಿಸಲು ಇದೊಂದೇ ಕಾರಣ ಸಾಕು.

ಹೊಸ ಫರ್ಮ್‌ವೇರ್ ಹಾಕುವಾಗ ಮುಗ್ಗರಿಸುವುದು ಸಾಮಾನ್ಯವಾಗಿ ಮಾದರಿಯ ಹೆಸರಿನಲ್ಲಿ. ಡಬ್ಬಿಯ ಮೇಲಿನ ಹೆಸರೊಂದೇ ಇದ್ದರೂ ಒಳಗಿನ ಯಂತ್ರಾಂಶ ಬೇರೆಯಾಗಿರಬಹುದು. ಡಬ್ಲ್ಯುಆರ್‌ಟಿ54ಜಿಯ ಐದನೇ ಆವೃತ್ತಿಯಲ್ಲೇ ಕಂಪನಿ ಲಿನಕ್ಸ್ ಬಿಟ್ಟು ವಿಎಕ್ಸ್‌ವರ್ಕ್ಸ್‌ಗೆ ಹಾರಿ, ಫ್ಲ್ಯಾಶನ್ನು 4ರಿಂದ 2 ಎಂಬಿಗೂ ರ‍್ಯಾಮನ್ನು 16ರಿಂದ 8 ಎಂಬಿಗೂ ಇಳಿಸಿತ್ತು. ಆದ್ದರಿಂದ ತಳದ ಚೀಟಿಯಲ್ಲಿ ‘ವರ್ಷನ್’ ಎಂದು ಬರೆದದ್ದನ್ನು ಓದಿ. ಕಂಪನಿಯ ಫರ್ಮ್‌ವೇರಿನಿಂದ ಮೊದಲ ಸಲ ಬರುವಾಗ ‘ಫ್ಯಾಕ್ಟರಿ’ ಇಮೇಜ್, ಆಮೇಲೆ ‘ಸಿಸ್‌ಅಪ್‌ಗ್ರೇಡ್’ ಎನ್ನುವುದು ಸಾಮಾನ್ಯ ರೂಢಿ. ಕೆಲವು ಮಾದರಿಗಳ ದಾರಿ ಬೇರೆ, ಆಯಾ ಮಾದರಿಯ ಸೂಚನೆಯನ್ನು ನೋಡಿಯೇ ಮುಂದುವರಿಯಿರಿ. ನಡುವೆ ಕರೆಂಟು ಹೋಗಿ ಡಬ್ಬಿ ಸತ್ತಂತೆ ಬಿದ್ದರೂ ಬೂಟ್‌ಲೋಡರ್ ಜೀವಂತವಿದ್ದರೆ ಆಸೆಯಿದೆ. ಗುಂಡಿ ಒತ್ತಿಹಿಡಿದು ಸ್ವಿಚ್ ಹಾಕಿದರೆ ಸಿ7ನಂಥ ಟಿಪಿ-ಲಿಂಕ್ ರೂಟರ್‌ಗಳು 192.168.0.66 ವಿಳಾಸದ ಕಂಪ್ಯೂಟರಿನಲ್ಲಿ ಹೊಸ ಫೈಲಿಗಾಗಿ ಹುಡುಕುತ್ತವೆ. ಹೊಸ ವ್ಯವಸ್ಥೆ ಎದ್ದ ಮೇಲೆ ಪಾಸ್‌ವರ್ಡ್ ಇಟ್ಟು, ವೈಫೈ ಪುಟದಲ್ಲಿ ದೇಶವನ್ನು ‘ಐಎನ್’ ಎಂದು ಆರಿಸಿ. ಯಾವ ಚಾನೆಲ್, ಎಷ್ಟು ಶಕ್ತಿ ಎಂಬುದು ಅದರ ಮೇಲೆ ನಿಂತಿದೆ.

ಇಂಟರ್‌ನೆಟ್ ಕಂಪನಿ ಕೊಟ್ಟ ಫೈಬರ್ ಡಬ್ಬಿಗೆ ಮಾತ್ರ ಕೈಹಚ್ಚಬೇಡಿ. ಅದನ್ನು ಇದ್ದಂತೆಯೇ ಬಿಟ್ಟು ಅದರ ಮುಂದೆ ನಿಮ್ಮದೇ ರೂಟರ್ ಸಿಕ್ಕಿಸಿ. ಹೊಸದಾಗಿ ಕೊಳ್ಳುವುದಾದರೆ ಅಂಗಡಿಗೆ ಹೋಗುವ ಮುಂಚೆ ಓಪನ್‌ಡಬ್ಲ್ಯುಆರ್‌ಟಿಯ ಬೆಂಬಲಿತ ಮಾದರಿಗಳ ಪಟ್ಟಿಯನ್ನೊಮ್ಮೆ ತೆರೆದು ನೋಡಿ. ಫ್ಲ್ಯಾಶ್ 16 ಎಂಬಿಗೂ ರ‍್ಯಾಮ್ 128 ಎಂಬಿಗೂ ಕಡಿಮೆಯಿದ್ದರೆ ಎಷ್ಟೇ ಅಗ್ಗವಾದರೂ ಬೇಡ.