ಗಾಜಿನ ಭಾರಕ್ಕೆ ಸೋತ ದೊಡ್ಡ ಟಿ.ವಿ.

ಜಪಾನಿನ ಸೋನಿ ಕಂಪನಿ 1989ರಲ್ಲಿ ಒಂದು ಟಿ.ವಿ.ಯನ್ನು ಮಾರುಕಟ್ಟೆಗೆ ಬಿಟ್ಟಿತು. ಮೂಲೆಯಿಂದ ಮೂಲೆಗೆ 43 ಇಂಚಿನ ಪರದೆ, ಸುಮಾರು 200 ಕಿಲೋ ತೂಕ. ಅಮೆರಿಕದಲ್ಲಿ ಅದರ ಬೆಲೆ 40 ಸಾವಿರ ಡಾಲರ್. ಇಂದು ಅದೇ ಅಳತೆಯ ಎಲ್‌ಇಡಿ ಟಿ.ವಿ. ಹತ್ತು ಕಿಲೋ ಆಸುಪಾಸು ತೂಗುತ್ತದೆ. ಹಾಗಾದರೆ ಉಳಿದ 190 ಕಿಲೋದಲ್ಲಿ ಇದ್ದದ್ದೇನು? ಹೆಚ್ಚುಪಾಲು ಗಾಜು. ಅಷ್ಟು ಗಾಜು ಬೇಕಾದದ್ದೇಕೆ? ಪಿಕ್ಚರ್ ಟ್ಯೂಬಿನ ಒಳಗೆ ಗಾಳಿ ಕೂಡ ಇರಬಾರದಿತ್ತು, ಅದಕ್ಕೆ!

ಟ್ಯೂಬಿನ ಹಿಂತುದಿಯಲ್ಲಿರುವ ಗನ್‌ನಿಂದ ಹೊರಟ ಎಲೆಕ್ಟ್ರಾನುಗಳು ಪರದೆಯ ಒಳಮೈಗೆ ಬಳಿದ ಫಾಸ್ಫರ್‌ಗೆ ಬಡಿದಾಗ ಅದು ಬೆಳಗುತ್ತದೆ. ಹಾದಿಯಲ್ಲಿ ಗಾಳಿಯ ಕಣಗಳಿದ್ದರೆ ಎಲೆಕ್ಟ್ರಾನು ಚದುರಿಹೋಗುತ್ತದೆ. ಆದ್ದರಿಂದ ಒಳಗಿನ ಗಾಳಿಯನ್ನೆಲ್ಲ ಹೊರಗೆಳೆದು ಟ್ಯೂಬನ್ನು ಮುಚ್ಚುತ್ತಾರೆ. ಆಮೇಲೆ ಹೊರಗಿನ ವಾತಾವರಣ ಒತ್ತತೊಡಗುತ್ತದೆ, ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರದಂತೆ. 43 ಇಂಚಿನ ಪರದೆಯ ವಿಸ್ತೀರ್ಣ ಸುಮಾರು 5,700 ಚದರ ಸೆಂಟಿಮೀಟರ್. ಅಂದರೆ ಮುಂಭಾಗದ ಗಾಜೊಂದೇ ಐದೂವರೆ ಟನ್ನಿಗೂ ಮಿಕ್ಕ ಒತ್ತಡವನ್ನು, ಟಿ.ವಿ. ಆರಿಸಿದ್ದಾಗಲೂ, ತಾಳಿಕೊಂಡಿರಬೇಕು.

ಪರದೆಯ ಉದ್ದ, ಅಗಲಗಳನ್ನು ಎರಡು ಪಟ್ಟು ಮಾಡಿದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಅಷ್ಟು ಅಗಲದ ಗಾಜು ಬಿರಿಯದಿರಲು ಅದರ ದಪ್ಪವೂ ಎರಡು ಪಟ್ಟಾಗಬೇಕು. ಒಟ್ಟಿನಲ್ಲಿ ತೂಕ ಎಂಟು ಪಟ್ಟು! ನಮ್ಮ ಮನೆಗಳಿಗೆ ಬಂದ 21 ಇಂಚಿನ ಟಿ.ವಿ. ಇಪ್ಪತ್ತು ಚಿಲ್ಲರೆ ಕಿಲೋ ಇದ್ದರೆ, ಅದರ ಎರಡರಷ್ಟಿದ್ದ ಸೋನಿ ಇನ್ನೂರು ಕಿಲೋ ಮುಟ್ಟಿದ್ದು ಈ ಲೆಕ್ಕದಿಂದಲೇ. ಚಪ್ಪಟೆ ಪರದೆಯ ಆಸೆ ಇದನ್ನು ಇನ್ನಷ್ಟು ಬಿಗಡಾಯಿಸಿತು. ಉಬ್ಬಿದ ಗಾಜು ಕಲ್ಲಿನ ಕಮಾನಿನಂತೆ ಒತ್ತಡವನ್ನು ಅಂಚುಗಳಿಗೆ ಹಂಚುತ್ತದೆ. ಚಪ್ಪಟೆ ಗಾಜಿಗೆ ದಪ್ಪವೊಂದೇ ಗತಿ. ದಶಕ ದಾಟಿದ ಮೇಲೂ, 2002ರ ಹೊತ್ತಿಗೆ ಬಂದ ಸೋನಿಯ 40 ಇಂಚಿನ ಚಪ್ಪಟೆ ಟ್ಯೂಬ್ ಟಿ.ವಿ. ಸುಮಾರು 138 ಕಿಲೋ ತೂಗುತ್ತಿತ್ತು.

ಎತ್ತುವ ಕಷ್ಟಕ್ಕಿಂತ ದೊಡ್ಡದು ಉರುಳುವ ಅಪಾಯ. ಅತಿ ದಪ್ಪ ಗಾಜು ಇರುವುದು ಮುಂದುಗಡೆ, ಹಿಂದೆ ಬಹುಪಾಲು ಟೊಳ್ಳು. ಹೀಗಾಗಿ ಟಿ.ವಿ. ಮುಂದಕ್ಕೇ ಮುಗ್ಗರಿಸುತ್ತದೆ. ಮಕ್ಕಳು ಸ್ಟ್ಯಾಂಡು ಹತ್ತಲು ಹೋಗಿ, ಟಿ.ವಿ. ಮೈಮೇಲೆ ಬಿದ್ದು ಸತ್ತ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ.

ಟ್ಯೂಬಿನ ಹಿಂಬದಿಯ ಗೂನಿಗೂ ಕಾರಣವಿದೆ. ಗನ್ ಇರುವುದು ಹಿಂತುದಿಯ ಒಂದೇ ಕಡೆ, ಅಲ್ಲಿಂದ ಹೊರಟ ಕಿರಣ ಪರದೆಯ ನಾಲ್ಕೂ ಮೂಲೆ ಮುಟ್ಟಬೇಕು. ಕಿರಣವನ್ನು ಹೆಚ್ಚು ಬಾಗಿಸಿದರೆ ಆಳ ತಗ್ಗೀತು, ಆದರೆ ಬಾಗಿಸುವ ಸುರುಳಿಗೆ ಹೆಚ್ಚು ವಿದ್ಯುತ್ ಬೇಕು, ಮೂಲೆಗಳಲ್ಲಿ ಚಿತ್ರ ಕಲಸಿಹೋಗುತ್ತದೆ. 2005ರ ಸುಮಾರಿಗೆ ಕೊರಿಯಾದ ಕಂಪನಿಗಳು ‘ಸ್ಲಿಮ್’ ಟ್ಯೂಬ್ ತಂದು ಆಳವನ್ನು ತಗ್ಗಿಸಿದವು. ಮುಂಭಾಗದ ಗಾಜು ಹಾಗೇ ಉಳಿಯಿತು.

ದೊಡ್ಡ ಟ್ಯೂಬಿನಲ್ಲಿ ಎಲೆಕ್ಟ್ರಾನಿನ ದಾರಿಯೂ ಉದ್ದ. ಭೂಮಿಯ ಕಾಂತಕ್ಷೇತ್ರ ಅದನ್ನು ತುಸು ಎಳೆದರೂ ಮೂಲೆಗಳಲ್ಲಿ ಬಣ್ಣ ಕೆಡುತ್ತದೆ. ಸ್ವಿಚ್ ಹಾಕಿದೊಡನೆ ಕೇಳುತ್ತಿದ್ದ ‘ಧುಂ’ ಸದ್ದು, ಟ್ಯೂಬಿನಲ್ಲಿ ಉಳಿದ ಕಾಂತತ್ವವನ್ನು ಅಳಿಸುವ ಸುರುಳಿಯದು. ಇನ್ನು ಪರದೆ ಅಗಲವಾದಷ್ಟೂ ಸೆಕೆಂಡಿಗೆ 50 ಬಾರಿಯ ಮಿನುಗು ಕಣ್ಣಂಚಿಗೆ ಹೆಚ್ಚು ಕಾಣುತ್ತದೆ. ಅದಕ್ಕೇ ದುಬಾರಿ ಮಾದರಿಗಳು ಅದನ್ನು 100ಕ್ಕೆ ಏರಿಸಿದವು.

ಎಲ್ಲ ದೋಷಗಳ ನಡುವೆಯೂ ಟ್ಯೂಬಿಗೆ ತನ್ನದೇ ಹಿರಿಮೆಯಿತ್ತು. ಕಪ್ಪು ನಿಜಕ್ಕೂ ಕಪ್ಪಾಗಿ ಕಾಣುತ್ತಿತ್ತು, ಓಡುವ ಚೆಂಡು ಮಸುಕಾಗುತ್ತಿರಲಿಲ್ಲ, ಗುಂಡಿ ಒತ್ತಿದ ಕ್ಷಣವೇ ಆಟದ ಚಿತ್ರ ಚಲಿಸುತ್ತಿತ್ತು. ಹಳೆಯ ವಿಡಿಯೋ ಗೇಮ್ ಆಡುವವರು ಇಂದಿಗೂ ಅದನ್ನು ಹುಡುಕುವುದು ಇದಕ್ಕೇ. ಒಸಾಕಾದ ನೂಡಲ್ಸ್ ಹೋಟೆಲೊಂದರಲ್ಲಿ ಉಳಿದಿದ್ದ ಆ 43 ಇಂಚಿನ ಟಿ.ವಿ.ಯನ್ನು ಅಮೆರಿಕದ ಆಸಕ್ತರು ಸಮುದ್ರ ದಾಟಿಸಿ ಒಯ್ದಿದ್ದಾರೆ. ಆದರೂ ಮನೆಬಳಕೆಯ ತಕ್ಕಡಿ ವಾಲುವುದು ಎಲ್‌ಇಡಿ ಕಡೆಗೇ. ಎಷ್ಟೇ ಜಾಣ ಎಂಜಿನಿಯರಾದರೂ ನಿರ್ವಾತದ ಲೆಕ್ಕವನ್ನು ಬದಲಿಸಲಾರ.

ಇನ್ನೊಂದು ಮಾತು. ಟ್ಯೂಬಿನೊಳಗೆ ಎಲೆಕ್ಟ್ರಾನುಗಳನ್ನು ಎಳೆಯುವುದು ಸುಮಾರು 30 ಸಾವಿರ ವೋಲ್ಟ್. ಅವು ಥಟ್ಟನೆ ನಿಂತಾಗ ಎಕ್ಸ್-ಕಿರಣ ಹುಟ್ಟುತ್ತದೆ, ಅದನ್ನು ತಡೆಯಲು ಹಿಂಭಾಗದ ಗಾಜಿಗೆ ಸೀಸ ಬೆರೆಸಿರುತ್ತಾರೆ. ಮೊದಲು ಹಳೆ ಗಾಜನ್ನು ಕರಗಿಸಿ ಹೊಸ ಟ್ಯೂಬ್ ಮಾಡುತ್ತಿದ್ದರು. ಈಗ ಹೊಸ ಟ್ಯೂಬಿಗೆ ಬೇಡಿಕೆಯೇ ಇಲ್ಲ, ಹಾಗಾಗಿ ಸೀಸದ ಆ ಗಾಜು ಕಸವಾಗಿ ಉಳಿಯುತ್ತದೆ. ನಿಮ್ಮ ಅಟ್ಟದಲ್ಲಿ ಅಂಥ ಟಿ.ವಿ. ಇದ್ದರೆ ಬಿಚ್ಚಲು ಹೋಗಬೇಡಿ, ಆರಿಸಿದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರಬಹುದು. ತಾಮ್ರದಾಸೆಗೆ ಟ್ಯೂಬ್ ಒಡೆಯುವ ಗುಜರಿಯವರಿಗೂ ಕೊಡಬೇಡಿ. ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೇ ಒಪ್ಪಿಸಿ.