ಪದ ಕಲಿಯೋರು ಉಲ್ಟಾ ಕೇಳ್ಕೋರಿ

ದೇವದುರ್ಗ, ಮಾನ್ವಿ, ರಾಯಚೂರಿನ ಹುಡುಗ್ರೇ, ‘ಇರಿಗೇಷನ್ ಅಂದ್ರ ನೀರಾವರಿ’ ಅಂತ ಹತ್ತು ಸಲ ಒದರಿದ್ರ ಅರ್ಥ ನೆನಪಿರ್ತದ, ಖರೆ. ಆದ್ರ ತುಂಗಭದ್ರಾ ಎಡದಂಡೆ ಕಾಲುವೆ ಮ್ಯಾಲೆ ಇಂಗ್ಲಿಷ್‌ನ್ಯಾಗ ಪ್ರಬಂಧ ಬರೀರಿ ಅಂದ್ರ? ಪದ ಕೈ ಕೊಡ್ತದ.

ಉಲ್ಟಾ ಕೇಳ್ಕೋರಿ: ನೀರಾವರಿಗೆ ಇಂಗ್ಲಿಷ್‌ನ್ಯಾಗ ಏನಂತಾರ? ತಡವರಿಸ್ತೀರಿ. ತಡವರಿಸಬೇಕು! ಈ ಕಷ್ಟದ ದಿಕ್ಕಿನ ಕಲಿಕೆ ಸುಲಭದ ದಿಕ್ಕಿಗೂ ದಕ್ತದ. ಸುಲಭದ್ದು ಕಷ್ಟಕ್ಕ ಅಷ್ಟಾಗಿ ದಾಟಂಗಿಲ್ಲ.

ಅಮೆರಿಕದ ಶ್ನೈಡರ್, ಹೀಲಿ, ಬೋರ್ನ್ 2002ರಾಗ ಫ್ರೆಂಚ್ ಪದಗಳ ಪ್ರಯೋಗ ಪ್ರಕಟಿಸಿದ್ರು. ಅಲ್ಲೂ ಸುಲಭದ ದಾರಿ ಹಿಡಿದು ಒಂದೇ ಗುಂಪಿನ ಪದ ಒಟ್ಟಿಗೆ ಕಲಿತವರು, ಪದ ಕಲಸಿ ಕಲಿತವರಿಗಿಂತ ಮೊದಲು ಮುಂದಿದ್ರು. ಆ ಮುನ್ನಡೆ ಉಳೀಲಿಲ್ಲ.

ಹಂಗಂತ ತಲಿಗೆ ಹತ್ತದ ಪಟ್ಟಿ ಹಿಡೀಬ್ಯಾಡ್ರಿ. ಉತ್ತರಾನೇ ಸಿಗದ ಕಷ್ಟ ಬರೀ ಕಷ್ಟ. ಇವತ್ತು ರಾತ್ರಿ ಪಟ್ಟಿಯ ಇಂಗ್ಲಿಷ್ ಕಾಲಂ ಮುಚ್ಚಿ ಓದ್ರಿ.